ಮೂರನೇ ಉಗ್ರಾಣದ ಮರ

ಕಾರ್ವೆಲ್ ಹಡಗಿನ ಮೂರನೇ ಉಗ್ರಾಣಕ್ಕೆ ಮನುಯೆಲ್ ರೆಬೇಲೊ ಹೇಳಿದ್ದೇ ಕೊನೆಯ ಮಾತು. ಕಾಗದದ ಮೇಲೆ ಅದು ಅಮೆರಿಕದ ನೌಕಾಪಡೆಯ ಸ್ವತ್ತು, ಸರಿ. ಆದರೆ ಆ ಕಬ್ಬಿಣದ ಆಳದಲ್ಲಿ ಯಾವ ಪೆಟ್ಟಿಗೆ ಎಲ್ಲಿ ಕೂರಬೇಕು, ಯಾವುದರ ತಲೆಯ ಮೇಲೆ ಯಾವುದು ಕೂರಬೇಕು ಎಂದು ತೀರ್ಮಾನಿಸುವವನು ಅವನೇ. ಯುದ್ಧಕ್ಕೆ ಬರುವ ಮೊದಲು ನ್ಯೂ ಬೆಡ್‌ಫರ್ಡಿನ ಹಡಗುಕಟ್ಟೆಯಲ್ಲಿ ಇಪ್ಪತ್ತು ವರ್ಷ ಸರಕು ಏರಿಸಿ ಇಳಿಸಿದ್ದ. ಈಗ ನಲವತ್ತೆರಡು ವಯಸ್ಸು. ಕೈಕೆಳಗಿನ ಹುಡುಗರೆಲ್ಲ ಅವನನ್ನು ಬೋಟ್ಸ್ ಎನ್ನುತ್ತಿದ್ದರು. ಅವನ ದರ್ಜೆಯವರನ್ನು ಯಾವ ಹಡಗಿನಲ್ಲಾದರೂ ಕರೆಯುವುದು ಹಾಗೆಯೇ. ರೆಬೇಲೊ ಜೋಡಿಸಿದ ಸರಕು ಎಂಥ ಬಿರುಗಾಳಿಗೂ ಒಂದಂಗುಲ ಜರುಗುವುದಿಲ್ಲ ಎಂಬ ಹೆಸರು ಅವನಿಗಿತ್ತು. ಆ ಹೆಸರಿನ ಮೇಲೆ ಅವನಿಗೆ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಪ್ರೀತಿಯಿತ್ತು.

ವ್ಯಾಪಾರದ ಹಡಗಿನಲ್ಲಿ ಜಾಗ ಉಳಿಸಿದವನು ಜಾಣ. ಕಾರ್ವೆಲ್‌ನಲ್ಲಿ ಆ ಜಾಣತನ ಕೆಲಸಕ್ಕೆ ಬಾರದು. ಶತ್ರು ಬಂದೂಕು ಹಿಡಿದು ಕಾಯುತ್ತಿರುವ ದಂಡೆಗೆ ಸರಕು ಇಳಿಸುವ ಹಡಗು ಅದು. ದಂಡೆಯಲ್ಲಿ ಮೊದಲ ಗಂಟೆಗೆ ಏನು ಬೇಕೋ ಅದು ಎಲ್ಲಕ್ಕಿಂತ ಮೇಲಿರಬೇಕು, ಅಂದರೆ ಎಲ್ಲಕ್ಕಿಂತ ಕೊನೆಗೆ ಒಳಗೆ ಹೋಗಬೇಕು. ಗುಂಡು, ನೀರು, ಔಷಧ ಮೇಲೆ. ಡೇರೆ, ಅಡುಗೆಯ ಒಲೆ, ಅಧಿಕಾರಿಗಳ ಬೆರಳಚ್ಚು ಯಂತ್ರ ಕೆಳಗೆ. ತೀರಾ ತಳದಲ್ಲಿ ಯಾರೂ ಬಾಯಿಬಿಟ್ಟು ಹೇಳದ ಸರಕೊಂದಿರುತ್ತಿತ್ತು: ಗೋರಿಗೆ ನೆಡುವ ಮರದ ಶಿಲುಬೆಗಳು. ಬಿಳಿ ಬಣ್ಣ ಬಳಿದ ಪಟ್ಟಿಗಳನ್ನು ಇಪ್ಪತ್ತೈದು ಶಿಲುಬೆಗೆ ಒಂದು ಕಟ್ಟಿನಂತೆ ತಂತಿಯಿಂದ ಬಿಗಿದಿರುತ್ತಿದ್ದರು. ಹೋಗುವವರಲ್ಲಿ ಎಷ್ಟು ಜನ ಮಣ್ಣಾಗುತ್ತಾರೆಂದು ಯಾವುದೋ ಕಚೇರಿಯಲ್ಲಿ ಕೂತವನೊಬ್ಬ ಮೊದಲೇ ಅಂದಾಜು ಮಾಡಿ ಕಳಿಸುತ್ತಿದ್ದ. ಆ ಮಹಾನುಭಾವನ ಮುಖ ಒಮ್ಮೆ ನೋಡಬೇಕು ಎಂದು ರೆಬೇಲೊ ಎಷ್ಟೋ ಸಲ ಅಂದುಕೊಂಡಿದ್ದ.

ಈ ಸಲ ಶಿಲುಬೆಗಳು ತಡವಾಗಿ ಬಂದವು. ಹಡಗು ಹೊರಡುವ ದಿನ ಮಧ್ಯಾಹ್ನ ಲಾರಿಯೊಂದು ಬಂದು ಹದಿನಾಲ್ಕು ಕಟ್ಟುಗಳನ್ನು ಕಟ್ಟೆಯ ಮೇಲೆ ಸುರಿದು ಹೋಯಿತು. ಅಷ್ಟು ಹೊತ್ತಿಗೆ ತಳ ತುಂಬಿ, ಅದರ ಮೇಲೆ ನಡುಭಾಗ ತುಂಬಿ, ಮೇಲಿನ ಅಂತಸ್ತಿನಲ್ಲಿ ಮಾರ್ಟರ್ ತೋಪಿನ ಗುಂಡುಗಳ ಪೆಟ್ಟಿಗೆಗಳನ್ನು ಇಡುತ್ತಿದ್ದರು. ಅಲ್ಲೇ ಇನ್ನೊಂದು ತಾಪತ್ರಯ ಎದುರಾಯಿತು. ಹಡಗು ಹೊಯ್ದಾಡುವಾಗ ಪೆಟ್ಟಿಗೆಗಳು ಸರಿಯದಂತೆ, ಅವುಗಳಿಗೂ ಕಬ್ಬಿಣದ ಗೋಡೆಗೂ ನಡುವಿನ ಸಂದಿಗೆ ಹಲಗೆ, ತುಂಡುಮರ ತುರುಕಿ ಸುತ್ತಿಗೆಯಿಂದ ಬಡಿದು ಬಿಗಿ ಮಾಡಬೇಕು. ಆ ಮರ ಮುಗಿದುಹೋಗಿತ್ತು. ಕಟ್ಟೆಯ ಉದ್ದಕ್ಕೂ ಹುಡುಕಿದರೂ ಒಂದು ತುಂಡು ಸಿಗಲಿಲ್ಲ, ಪಕ್ಕದ ಹಡಗಿನವರು ಮೊದಲೇ ಬಾಚಿಕೊಂಡಿದ್ದರು. ಇನ್ನು ಮೂರು ಗಂಟೆಯಲ್ಲಿ ಹಗ್ಗ ಬಿಚ್ಚಬೇಕು. ಒಂದು ಕಡೆ ಮರವಿಲ್ಲದ ಸಂದಿಗಳು, ಇನ್ನೊಂದು ಕಡೆ ಜಾಗವಿಲ್ಲದ ಮರ. ಹಡಗುಕಟ್ಟೆಯಲ್ಲಿ ಬೆಳೆದ ಯಾವನಿಗಾದರೂ ಹೊಳೆಯುವುದು ಒಂದೇ. ರೆಬೇಲೊಗೂ ಅದೇ ಹೊಳೆಯಿತು.

ಆ ಕಟ್ಟುಗಳನ್ನು ಸಂದಿಗೆ ಹಾಕಿ ಬಡಿಯಿರಿ ಎಂದ. ಅವನ ಗುಂಪಿನ ಲೂಥರ್ ಪ್ರೂಯಿಟ್ ಸುತ್ತಿಗೆ ಕೆಳಗಿಟ್ಟು ನಿಂತುಬಿಟ್ಟ. ಅರ್ಕನ್ಸಾದ ಹಳ್ಳಿಯವನು, ಊಟಕ್ಕೆ ಮೊದಲು ತಪ್ಪದೆ ಕಣ್ಣುಮುಚ್ಚಿ ಪ್ರಾರ್ಥನೆ ಮಾಡುವವನು.

"ಬೇಡ ಬೋಟ್ಸ್. ಅದೇನು ಅಂತ ನಿಮಗೂ ಗೊತ್ತು."

"ಗೊತ್ತು. ಪೈನ್ ಮರ."

"ಸತ್ತೋರ ಸಾಮಾನು ತಳದಲ್ಲಿರ್ಬೇಕು. ಮೇಲಿಟ್ರೆ ಮೊದಲು ಅದೇ ಹೊರಗೆ ಬರುತ್ತೆ."

"ನಿಮ್ಮೂರ ಪಾದ್ರಿ ಹಲಗೆ ಕೊಡ್ತಾನೇನೋ? ಕೊಡೋದಾದ್ರೆ ಕರಿ, ಕಾಯ್ತೀನಿ. ಇಲ್ಲಾಂದ್ರೆ ಸುತ್ತಿಗೆ ಎತ್ತು."

ಉಳಿದವರು ನಕ್ಕರು. ಪ್ರೂಯಿಟ್ ಸುತ್ತಿಗೆ ಎತ್ತಿಕೊಂಡ. ಸಂಜೆ ಸರಕಿನ ಹೊಣೆ ಹೊತ್ತ ಲೆಫ್ಟಿನೆಂಟ್ ಪ್ರೆಂಟಿಸ್ ಬಂದು ಮೇಲಿಂದಲೇ ಟಾರ್ಚು ಬಿಟ್ಟು ನೋಡಿ, ಎಲ್ಲ ಸರಕು ಜೋಡಣೆಯ ನಕ್ಷೆಯ ಪ್ರಕಾರ ಇದೆಯಲ್ಲ ಎಂದು ಕೇಳಿದ. ಇದೆ ಸಾರ್ ಎಂದ ರೆಬೇಲೊ. ಉಗ್ರಾಣದ ಬಾಯಿಗೆ ಹಲಗೆ ಮುಚ್ಚಿ, ಟಾರ್ಪಾಲು ಹೊದಿಸಿ, ಅದರ ಮೇಲೆ ಎರಡು ಲಾರಿಗಳನ್ನು ನಿಲ್ಲಿಸಿ ಸರಪಳಿಯಿಂದ ಬಿಗಿದರು.

ಆ ಲಾರಿಗಳ ಕೆಳಗಿನ ನೆರಳಲ್ಲಿ ಮರೀನ್ ಪಡೆಯ ಸಾರ್ಜೆಂಟ್ ಎಲ್ಡನ್ ಹಾಲ್ವರ್ಸನ್ ತನ್ನ ಹಾಸಿಗೆ ಹಾಕಿದ. ವಿಸ್ಕಾನ್ಸಿನ್‌ನಲ್ಲಿ ಅಪ್ಪನ ಹಸುಗಳ ನಡುವೆ ಬೆಳೆದವನು, ಇಪ್ಪತ್ತನಾಲ್ಕು ವರ್ಷ. ಅವನ ಮಾರ್ಟರ್ ತೋಪುಗಳು, ಹನ್ನೊಂದು ಜನರ ಅವನ ತಂಡ, ಅವನ ಗುಂಡುಗಳು ಎಲ್ಲ ಇದೇ ಹಡಗಿನಲ್ಲಿದ್ದವು. ಹಡಗಿನೊಳಗೆ ಮಲಗಲು ಜಾಗವಿತ್ತು, ಆದರೆ ತನ್ನ ಗುಂಡುಗಳ ಮೇಲೆಯೇ ಮಲಗಬೇಕೆಂಬುದು ಅವನ ಹಟ. ಹಿಂದಿನ ದ್ವೀಪದಲ್ಲಿ ಬೇರೆ ಹಡಗಿನವರು ಗುಂಡಿನ ಬದಲು ಉಪ್ಪಿನಕಾಯಿಯ ಡಬ್ಬಿ ಇಳಿಸಿದ್ದರಂತೆ. ಆಮೇಲೆ ಅವನಿಗೆ ಹಡಗಿನವರ ಮೇಲೆ ನಂಬಿಕೆಯೇ ಹೋಗಿತ್ತು.

ದಿನವೂ ಬೆಳಗ್ಗೆ ಕಾಫಿಯ ಲೋಟ ಹಿಡಿದು ಬಂದು ಅದೇ ಪ್ರಶ್ನೆ ಕೇಳುತ್ತಿದ್ದ. "ಯಜಮಾನ್ರೇ, ನನ್ನ ಮಕ್ಕಳು ಹೇಗಿದ್ದಾರೆ?"

"ಮಲಗಿದ್ದಾರೆ ಕಣೋ. ಎಬ್ಬಿಸ್ಬೇಡ."

"ಕೂಗಿದ ತಕ್ಷಣ ಬರ್ತಾರೆ ತಾನೇ?"

"ಕ್ರೇನು ಇಳಿಸೋ ಮೊದಲನೇ ಕೊಕ್ಕೆಗೆ ನಿನ್ನ ಗುಂಡೇ. ಆಮೇಲೆ ಮಿಕ್ಕಿದ್ದು."

ಮೊದಮೊದಲು ಇದು ತಮಾಷೆಯಾಗಿತ್ತು. ಎರಡು ವಾರ ಕಳೆಯುವಷ್ಟರಲ್ಲಿ ಆ ಹುಡುಗನ ಕಾಫಿ ಲೋಟ ಕಂಡರೆ ರೆಬೇಲೊ ಬೇರೆ ಕಡೆ ತಿರುಗಿ ಉತ್ತರ ಕೊಡುತ್ತಿದ್ದ. ದಕ್ಷಿಣಕ್ಕೆ ಹೋದಷ್ಟೂ ಸೆಕೆ ಹೆಚ್ಚಿತು. ಮುಚ್ಚಿದ ಉಗ್ರಾಣದ ಗೋಡೆಗಳು ಬೆವರುವುದನ್ನು ಅವನು ಬಲ್ಲ. ಗಾಳಿಕೊಳವೆಯ ಬಾಯಿಗೆ ಕೈಯಿಟ್ಟರೆ ಒಳಗಿನ ಹಬೆ ಅಂಗೈ ಒದ್ದೆ ಮಾಡುತ್ತಿತ್ತು. ಹಳೆಯ ತುಂಡುಮರಕ್ಕೆ ಅದರಿಂದ ಏನೂ ಆಗುವುದಿಲ್ಲ, ಅದು ಎಷ್ಟೋ ಯಾನಗಳಲ್ಲಿ ಉಪ್ಪು ಕುಡಿದು ಸತ್ತ ಮರ. ಇದು ಹೊಸ ಪೈನ್, ಮೇಲ್ಮೇಲೆ ಬಣ್ಣ ತೋರಿಸಿದ್ದು. ನೀರು ಕುಡಿದರೆ ಊದುತ್ತದೆ. ಊದಿದ ಮರವನ್ನು ಬಿಗಿದ ಸಂದಿಯಿಂದ ಕೀಳುವುದೆಂದರೆ ದವಡೆಹಲ್ಲು ಕಿತ್ತಂತೆ. ಇಪ್ಪತ್ತು ವರ್ಷ ಮರ ಮುಟ್ಟಿದವನಿಗೆ ಆವತ್ತು ಕಟ್ಟೆಯ ಮೇಲೆ ಇದು ತೋಚದೇ ಹೋಯಿತಲ್ಲ ಎಂದು ತನ್ನನ್ನೇ ಬೈದುಕೊಂಡ.

ಸರಿಪಡಿಸಲು ಅವಕಾಶ ಸಿಗಲಿಲ್ಲ ಎಂದು ಹೇಳುವ ಹಾಗೂ ಇಲ್ಲ. ದಾಳಿಗೆ ಮುಂಚೆ ಹವಳದ ಕೊಲ್ಲಿಯೊಂದರಲ್ಲಿ ಹಡಗು ನಾಲ್ಕು ದಿನ ಲಂಗರು ಹಾಕಿತು. ಗಾಳಿಯಿಲ್ಲ, ಅಲೆಯಿಲ್ಲ, ಹುಡುಗರು ಈಜಾಡುತ್ತಿದ್ದರು. ಲಾರಿಗಳನ್ನು ಸರಿಸಿ, ಬಾಯಿ ತೆರೆದು, ಆ ಕಟ್ಟುಗಳನ್ನು ಕಿತ್ತು, ಕೊಲ್ಲಿಯಲ್ಲಿದ್ದ ಬೇರೆ ಹಡಗುಗಳಿಂದ ಹಳೆ ಮರ ಬೇಡಿ ತಂದು ತುಂಬಲು ಒಂದೇ ದಿನ ಸಾಕಿತ್ತು. ಅದಕ್ಕೆ ಲೆಫ್ಟಿನೆಂಟ್ ಪ್ರೆಂಟಿಸ್‌ನ ಮುಂದೆ ಹೋಗಿ ನಿಂತು, ಸಾರ್, ನಾನು ನಕ್ಷೆ ಮೀರಿದೆ ಎನ್ನಬೇಕಿತ್ತು. ಎರಡು ಸಲ ಅವನ ಕೋಣೆಯ ಬಾಗಿಲವರೆಗೂ ಹೋದ. ಒಂದು ಸಲ ಒಳಗೆ ಇನ್ನಿಬ್ಬರು ಅಧಿಕಾರಿಗಳಿದ್ದರು. ಇನ್ನೊಂದು ಸಲ ಪ್ರೆಂಟಿಸ್‌ನೇ ಹೊರಬಂದು, ಇಡೀ ಹಡಗಿನಲ್ಲಿ ನಿದ್ದೆಗೆಡಿಸದ ಉಗ್ರಾಣ ಅಂದರೆ ನಿನ್ನದೊಂದೇ ರೆಬೇಲೊ ಎಂದ. ರೆಬೇಲೊ ಸಲಾಮು ಹೊಡೆದು ವಾಪಸು ಬಂದ. ಹೆಮ್ಮೆಗಿಂತ ಕೆಟ್ಟ ಕಾಯಿಲೆ ಯಾವುದೂ ಇಲ್ಲ, ಅದರಲ್ಲೂ ಕೆಲಸ ಬಲ್ಲವನಿಗೆ ಬಂದರೆ.

ದಾಳಿಯ ದಿನ ಸಮುದ್ರ ತಟ್ಟೆಯಲ್ಲಿ ಹಾಕಿದ ಗಂಜಿಯ ಹಾಗೆ ಮಲಗಿತ್ತು. ಬೆಳಗಿನ ಊಟಕ್ಕೆ ಮಾಂಸವನ್ನೂ ಮೊಟ್ಟೆಯನ್ನೂ ಕೊಟ್ಟರು. ಅದನ್ನು ದಾಳಿಯ ದಿನ ಮಾತ್ರ ಕೊಡುತ್ತಾರೆಂದು ಎಲ್ಲರಿಗೂ ಗೊತ್ತಿದ್ದರಿಂದ ಯಾರೂ ತಟ್ಟೆ ಖಾಲಿ ಮಾಡಲಿಲ್ಲ. ದೋಣಿಗಳನ್ನು ನೀರಿಗಿಳಿಸಿದರು. ಹಾಲ್ವರ್ಸನ್‌ನ ತಂಡ ತೋಪುಗಳನ್ನೂ, ಕೈಯಲ್ಲಿ ಹೊರಬಹುದಾದಷ್ಟು ಗುಂಡುಗಳನ್ನೂ ಹಿಡಿದು ಮೊದಲ ದೋಣಿಗಳಲ್ಲಿ ಇಳಿಯಿತು. ತನ್ನ ಜೊತೆಗಿರುವುದು ಒಂದು ಗಂಟೆಗೆ ಸಾಕಾಗುತ್ತದೆ, ಅಷ್ಟರಲ್ಲಿ ಮಿಕ್ಕಿದ್ದು ಬರಲಿ ಎಂದು ಅವನು ಹಿಂದಿನ ದಿನವೇ ಹೇಳಿದ್ದ. ಬಲೆಯೇಣಿ ಹಿಡಿದು ಇಳಿಯುವಾಗ ರೆಬೇಲೊನ ಕಡೆ ನೋಡಿ ಒಂದು ಬೆರಳು ಎತ್ತಿದ. ಮೊದಲನೇ ಕೊಕ್ಕೆಗೆ, ಎಂದು. ರೆಬೇಲೊನೂ ಬೆರಳು ಎತ್ತಿದ.

ಒಂಬತ್ತಕ್ಕೆ ದಂಡೆ ಮುಟ್ಟಿದರು. ಒಂಬತ್ತೂ ನಲವತ್ತಕ್ಕೆ ದಂಡೆಯಿಂದ ರೇಡಿಯೊ ಬಂತು: ಮಾರ್ಟರ್ ಗುಂಡು ಬೇಕು, ಬೇಗ. ಲಾರಿಗಳು ಆಗಲೇ ದೋಣಿಗಿಳಿದಿದ್ದವು. ಉಗ್ರಾಣದ ಬಾಯಿ ತೆರೆದರು. ರೆಬೇಲೊ ತಾನೇ ಮೊದಲು ಏಣಿಯಿಳಿದ. ಒಳಗಿನ ಹಬೆ ಮುಖಕ್ಕೆ ರಾಚಿತು.

ಮರ ಊದಿತ್ತು. ಅವನು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿಯೇ ಊದಿತ್ತು. ತಂತಿಗಳು ಮರದೊಳಗೆ ಹೂತುಹೋಗಿದ್ದವು. ಪೆಟ್ಟಿಗೆಗಳು ಗೋಡೆಗೆ ಅಂಟಿಸಿದಂತೆ ಕೂತಿದ್ದವು. ಹಗ್ಗದ ಹಿಡಿಗೆ ಕೈಹಾಕಿ ಎಳೆದರೆ ಹಿಡಿ ಕಿತ್ತು ಬಂತು, ಪೆಟ್ಟಿಗೆ ಬರಲಿಲ್ಲ. ಕಟ್ಟುಗಳನ್ನು ಕೀಳದೆ ಒಂದು ಪೆಟ್ಟಿಗೆಯೂ ಏಳುವಂತಿರಲಿಲ್ಲ. ಗುಂಡಿನ ಪೆಟ್ಟಿಗೆಗಳ ಪಕ್ಕದಲ್ಲಿ ಸಿಕ್ಕಾಪಟ್ಟೆ ಬಡಿಯುವ ಹಾಗೂ ಇರಲಿಲ್ಲ. ಹಾರೆ ತೂರಿಸಿ, ಕೊಡಲಿಯಿಂದ ಚೂರುಚೂರಾಗಿ ಬಿಡಿಸಿ, ಉಗುರು ಕಿತ್ತುಕೊಂಡು ಎಂಟು ಜನ ದುಡಿದರು. ನಾನು ಹೇಳಿರಲಿಲ್ಲವೇ ಎಂದು ಪ್ರೂಯಿಟ್ ಒಂದು ಸಲ ಅಂದಿದ್ದರೂ ರೆಬೇಲೊಗೆ ಉಸಿರಾಡಲು ಸ್ವಲ್ಪ ಸುಲಭವಾಗುತ್ತಿತ್ತು.

ಮೇಲೆ ಪ್ರೆಂಟಿಸ್ ಕೂಗುತ್ತಿದ್ದ. ಕೊಕ್ಕೆ ಖಾಲಿ ನೇತಾಡಬಾರದು, ದೋಣಿ ಖಾಲಿ ಕಾಯಬಾರದು, ಬಂದದ್ದನ್ನು ಮೇಲೆ ಕಳಿಸಿ ಎಂದು. ಅಂಥ ಹಡಗಿನಲ್ಲಿ ಅದು ವೇದವಾಕ್ಯ. ಬಂದದ್ದು ಶಿಲುಬೆಯ ಕಟ್ಟುಗಳು. ಮೇಲೆ ಇಡಲು ಅಂಗೈಯಗಲ ಜಾಗವಿರಲಿಲ್ಲ, ಮುಂದಿನ ಉಗ್ರಾಣದ ಸರಕೂ ಅಲ್ಲೇ ರಾಶಿ ಬಿದ್ದಿತ್ತು. ಕೊಕ್ಕೆಗೆ ಸಿಕ್ಕಿಸಿದ ಬಲೆಯೊಳಗೆ ಹತ್ತು ಕಟ್ಟು ಮರವೂ, ಹೇಗೋ ಕಿತ್ತ ಮೂರು ಪೆಟ್ಟಿಗೆ ಗುಂಡೂ ಒಟ್ಟಿಗೆ ಮೇಲೇರಿ ದೋಣಿಗೆ ಇಳಿದವು. ದೋಣಿ ಹೊರಡುವಾಗ ಹನ್ನೊಂದೂ ಮೂವತ್ತೈದು. ಆಮೇಲೆ ಸಂದಿಗಳು ಸಡಿಲಾಗಿ ಪೆಟ್ಟಿಗೆಗಳು ಸರಸರನೆ ಬಂದವು. ಎರಡನೇ ದೋಣಿ, ಮೂರನೇ ದೋಣಿ, ನಾಲ್ಕನೆಯದು. ಅಷ್ಟು ಚುರುಕಾಗಿ ಆ ಉಗ್ರಾಣ ಹಿಂದೆಂದೂ ಕೆಲಸ ಮಾಡಿರಲಿಲ್ಲ.

ಮೊದಲ ದೋಣಿ ನಡೆಸಿದವನು ವಾಪಸು ಬಂದು ಹೇಳಿದ್ದು ಇಷ್ಟು. ದಂಡೆಯಾಚೆಯ ಗುಡ್ಡದ ಬುಡದಲ್ಲಿ ಹಾಲ್ವರ್ಸನ್‌ನ ಮಾರ್ಟರ್‌ಗಳು ಹತ್ತು ಗಂಟೆಯ ಸುಮಾರಿಗೇ ಸುಮ್ಮನಾಗಿದ್ದವು. ಅವು ಸುಮ್ಮನಾದದ್ದು ಗುಡ್ಡದ ಮೇಲಿನ ಶತ್ರುಗಳಿಗೆ ತಿಳಿಯಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಅವರು ಇಳಿದು ಬಂದರು. ದೋಣಿಯ ಬಾಗಿಲು ತೆರೆದಾಗ ಗುಂಡಿಗಾಗಿ ಓಡಿಬಂದವರು ಆ ಬಿಳಿ ಪಟ್ಟಿಗಳನ್ನು ನೋಡಿ ಅಲ್ಲೇ ನಿಂತುಬಿಟ್ಟರಂತೆ. ಒಬ್ಬ ನಗಲು ಶುರುಮಾಡಿದನಂತೆ, ಅವನನ್ನು ಹಿಡಿದು ಕೂರಿಸಬೇಕಾಯಿತಂತೆ. ರೆಬೇಲೊ ಕೇಳಿಸಿಕೊಂಡು ಮತ್ತೆ ಏಣಿಯಿಳಿದ. ಕೆಳಗೆ ಯಾರೂ ಇಲ್ಲದ ಮೂಲೆಯಲ್ಲಿ ಗೋಡೆಗೆ ಹಣೆಯಿಟ್ಟು ಅತ್ತ. ಮೇಲೆ ಕೊಕ್ಕೆ ಇಳಿದ ಸದ್ದಾದಾಗ ಮುಖ ಒರೆಸಿಕೊಂಡು ಹೋದ.

ಹಾಲ್ವರ್ಸನ್ ಸತ್ತಿರಲಿಲ್ಲ. ಸಂಜೆಯ ಹೊತ್ತಿಗೆ ದೋಣಿಯೊಂದು ಗಾಯಾಳುಗಳನ್ನು ತಂದಿತು, ಅವರಲ್ಲಿ ಅವನೂ ಇದ್ದ. ಬಲಗೈ ಮೊಣಕೈಯಿಂದ ಕೆಳಗೆ ಇರಲಿಲ್ಲ. ಅವನ ಹನ್ನೊಂದು ಜನರಲ್ಲಿ ಏಳು ಜನ ದಂಡೆಯಲ್ಲೇ ಉಳಿದಿದ್ದರು. ಅಧಿಕಾರಿಗಳು ಊಟ ಮಾಡುವ ಕೋಣೆಯ ಮೇಜುಗಳ ಮೇಲೆ ಹಾಸಿಗೆ ಹಾಕಿ ಗಾಯಾಳುಗಳನ್ನು ಮಲಗಿಸಿದ್ದರು. ಮರುದಿನ ಮಧ್ಯಾಹ್ನ ಅವರನ್ನು ಆಸ್ಪತ್ರೆಯ ಹಡಗಿಗೆ ಸಾಗಿಸುವುದಿತ್ತು. ಬೆಳಗ್ಗೆ ಹತ್ತರ ಹೊತ್ತಿಗೆ ಹಾಲ್ವರ್ಸನ್ ರೆಬೇಲೊಗೆ ಹೇಳಿಕಳಿಸಿದ.

ರೆಬೇಲೊ ಬಾಗಿಲಲ್ಲಿ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ. ಏನು ಬೈದರೂ ಬೈಸಿಕೊಳ್ಳಲು ಸಿದ್ಧನಾಗಿ ಬಂದಿದ್ದ. ಹಾಲ್ವರ್ಸನ್‌ನ ಮುಖ ಸುಣ್ಣದ ಹಾಗಿತ್ತು, ಕಣ್ಣಲ್ಲಿ ಮಾತ್ರ ಹಳೆಯ ತುಂಟತನ ಚೂರು ಉಳಿದಿತ್ತು.

"ಬನ್ನಿ ಯಜಮಾನ್ರೇ. ನಿಮ್ಮ ಬರಹ ಹೇಗೆ?"

"ಕೋಳಿ ಕೆದರಿದ ಹಾಗೆ."

"ಪರವಾಗಿಲ್ಲ. ನನಗೆ ಈಗ ಅದೂ ಇಲ್ಲ. ಕೂತ್ಕೊಳ್ಳಿ."

ಏಳು ಮನೆಗಳಿಗೆ ಕಾಗದ ಬರೆಯಬೇಕಿತ್ತು. ಸರ್ಕಾರದ ತಂತಿ ಹೋದ ಮೇಲಷ್ಟೇ ಅವನ್ನು ಕಳಿಸುತ್ತಾರೆ, ಆದರೆ ಹುಡುಗರ ಮುಖ ಕಣ್ಣಿಗೆ ಕಟ್ಟಿದಂತಿರುವಾಗಲೇ ಬರೆದುಬಿಡಬೇಕು ಎಂದ ಹಾಲ್ವರ್ಸನ್. ಮೊದಲನೆಯದು ಡೆಲ್ಮರ್ ಕ್ರೌಸ್ ಎಂಬವನ ಅಪ್ಪನಿಗೆ, ಅಯೋವಾದಲ್ಲಿ ಶಾಲಾ ಮೇಷ್ಟ್ರು, ಹೆಂಡತಿ ತೀರಿಕೊಂಡವರು, ಒಬ್ಬನೇ ಮಗ. ಹಾಲ್ವರ್ಸನ್ ಹೇಳುತ್ತ ಹೋದ, ರೆಬೇಲೊ ಬರೆಯುತ್ತ ಹೋದ. ಡೆಲ್ಮರ್ ಎಲ್ಲರನ್ನೂ ನಗಿಸುತ್ತಿದ್ದ. ಡೆಲ್ಮರ್ ಹೆಚ್ಚು ಹೊತ್ತು ನರಳಲಿಲ್ಲ. ಅದು ನಿಜವೋ ಅಲ್ಲವೋ ರೆಬೇಲೊ ಕೇಳಲಿಲ್ಲ.

"ಗುಂಡು ತಡವಾಗಿ ಬಂತು ಅನ್ನೋದು ಹೇಗಾದ್ರೂ ಅವರ ಕಿವಿಗೆ ಬೀಳುತ್ತೆ," ಎಂದ ಹಾಲ್ವರ್ಸನ್. "ಊರಿಗೆ ಹೋದೋರು ಹೇಳೇ ಹೇಳ್ತಾರೆ. ಅದಕ್ಕೆ ನಾವೇ ಬರೆದುಬಿಡೋಣ. ಆವತ್ತು ಸಮುದ್ರ ಜೋರಾಗಿತ್ತು, ದೋಣಿಗಳು ದಡ ಮುಟ್ಟೋದು ಕಷ್ಟ ಆಯ್ತು. ಯಾರದೂ ತಪ್ಪಿಲ್ಲ."

ಪೆನ್ನು ನಿಂತಿತು. ಸಮುದ್ರ ಜೋರಿರಲಿಲ್ಲವಲ್ಲ ಎಂದ ರೆಬೇಲೊ.

"ಗೊತ್ತು ಯಜಮಾನ್ರೇ. ಮತ್ತೇನು ಬರೀಲಿ? ಬಂದರಿನಲ್ಲಿ ಯಾವನೋ ಕೂಲಿಯವನು ಗುಂಡಿನ ಮಧ್ಯೆ ಗೋರಿ ಸಾಮಾನು ತುರುಕಿದ್ದ ಅಂತ ಬರೀಲಾ? ಯಾವನೋ ಏನೋ, ಅವನ ಕೈ ಸೇದಿಹೋಗ್ಲಿ."

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಪ್ರೆಂಟಿಸ್ ತನ್ನ ವರದಿಯಲ್ಲಿ ಸೆಕೆ, ತೇವ ಎಂದೇನೋ ಬರೆದು ಮುಗಿಸಿದ್ದ. ಪ್ರೂಯಿಟ್ ಹೇಳುವವನಲ್ಲ. ಮಧ್ಯಾಹ್ನ ಕಳೆದರೆ ಈ ಹುಡುಗ ಇನ್ನೆಂದೂ ಕಣ್ಣಿಗೆ ಬೀಳುವುದಿಲ್ಲ. ಇದೆಲ್ಲವೂ ರೆಬೇಲೊನ ತಲೆಯಲ್ಲಿ ಒಂದು ಸುತ್ತು ಬಂದು ಹೋಯಿತು. ಆ ಶಾಪ ಬಂದರಿನ ಯಾವನೋ ಬಡಪಾಯಿಯ ತಲೆಯ ಮೇಲೆ ಬೀಳುವುದನ್ನು ನೋಡಿಕೊಂಡು ಕೂರಲು ಅವನಿಂದಾಗಲಿಲ್ಲ. ಅವನೂ ಒಂದು ಕಾಲದಲ್ಲಿ ಬಂದರಿನವನೇ.

"ಬಂದರಿನೋರಲ್ಲ," ಎಂದ. "ನಾನು."

ಹೇಳಿದ. ಮರ ಮುಗಿದದ್ದು, ಲಾರಿ ಬಂದದ್ದು, ಪ್ರೂಯಿಟ್ ಬೇಡವೆಂದದ್ದು, ತಾನು ಗೇಲಿ ಮಾಡಿದ್ದು. ಪ್ರೆಂಟಿಸ್‌ನ ಬಾಗಿಲಿಗೆ ಎರಡು ಸಲ ಹೋಗಿ ವಾಪಸು ಬಂದದ್ದನ್ನೂ ಬಿಡಲಿಲ್ಲ. ಹಾಲ್ವರ್ಸನ್ ಚಾವಣಿಯನ್ನು ನೋಡುತ್ತ ಕೇಳಿಸಿಕೊಂಡ. ಪಕ್ಕದ ಮೇಜಿನವನು ನೀರು ಕೇಳಿದ, ಯಾರೋ ಬಂದು ಕೊಟ್ಟು ಹೋದರು.

"ನಾನು ದಿನಾ ಕೇಳ್ತಿದ್ದೆ," ಎಂದ ಹಾಲ್ವರ್ಸನ್.

"ನೀನು ಕೇಳ್ತಿದ್ದೆ."

"ಲಂಗರು ಹಾಕಿದ್ವಲ್ಲ, ಆ ನಾಲ್ಕು ದಿನವೂ ಕೇಳ್ದೆ."

"ಹೌದು."

ರೆಬೇಲೊ ಪೆನ್ನನ್ನು ಮತ್ತೆ ಕಾಗದಕ್ಕೆ ತಾಗಿಸಿ, ನಿಜ ಏನಿದೆಯೋ ಅದನ್ನೇ ಬರೆಯುತ್ತೇನೆ, ಕೆಳಗೆ ನನ್ನ ಹೆಸರು, ದರ್ಜೆ ಎಲ್ಲ ಹಾಕುತ್ತೇನೆ, ಅವರು ಯಾರಿಗೆ ಬೇಕಾದರೂ ದೂರು ಕೊಡಲಿ ಎಂದ. ಹಾಗೆನ್ನುವಾಗ ಅವನ ದನಿಯಲ್ಲಿ ಆಸೆಯಿತ್ತು. ಶಿಕ್ಷೆ ಬೇಕು ಎನ್ನುವವನ ಆಸೆ.

"ಬರೆದ್ರೆ ನಿಮಗೆ ಹಗುರಾಗುತ್ತೆ," ಎಂದ ಹಾಲ್ವರ್ಸನ್. "ಆ ಮೇಷ್ಟ್ರಿಗೆ? ನಾಲ್ಕು ಹಲಗೆ ಸಿಗದೇ ಇದ್ದಿದ್ದಕ್ಕೆ ಮಗ ಸತ್ತ ಅಂತ ತಿಳ್ಕೊಂಡು ಅವರು ಉಳಿದಷ್ಟು ದಿನ ಅನ್ನ ತಿನ್ಬೇಕಾ? ನಾನು ಹೇಳಿದ್ದನ್ನೇ ಬರೀರಿ. ಸಮುದ್ರ ಜೋರಾಗಿತ್ತು."

ರೆಬೇಲೊ ಬರೆದ. ಯಾರದೂ ತಪ್ಪಿಲ್ಲ ಎಂಬುದನ್ನೂ ಬರೆದ. ಆ ಸಾಲು ಬರೆಯುವಾಗ ಅಕ್ಷರಗಳು ಒಂದರ ಮೇಲೊಂದು ಬಿದ್ದವು, ಹೊಡೆದುಹಾಕಿ ಮತ್ತೆ ಬರೆದ. ಹಾಲ್ವರ್ಸನ್ ಕಾಗದ ತೆಗೆದುಕೊಂಡು ಓದಿ ಎಡಗೈಯಿಂದ ಸಹಿ ಹಾಕಲು ಹೋದ, ಕಾಗದ ಜಾರಿತು. ರೆಬೇಲೊ ಅದನ್ನು ಎರಡೂ ಕೈಯಿಂದ ಅದುಮಿ ಹಿಡಿದ.

"ಇನ್ನೂ ಆರಿದೆ," ಎಂದ ಹಾಲ್ವರ್ಸನ್. ಈ ಸಲ ಯಜಮಾನ್ರೇ ಎನ್ನಲಿಲ್ಲ.

ಒಬ್ಬನ ತಾಯಿಗೆ. ಒಬ್ಬನ ಹೆಂಡತಿಗೆ, ಅವಳು ಬಸುರಿ. ಒಬ್ಬನಿಗೆ ಅಪ್ಪ ಅಮ್ಮ ಇಬ್ಬರೂ ಇರಲಿಲ್ಲ, ಸಾಕಿದ ಅಕ್ಕನಿಗೆ. ಹೇಳಬೇಕಾದ್ದು ಪ್ರತಿ ಸಲ ಬೇರೆ, ಆ ಒಂದು ಸಾಲು ಮಾತ್ರ ಪ್ರತಿ ಸಲ ಅದೇ. ನಾಲ್ಕನೆಯ ಕಾಗದದಲ್ಲಿ ರೆಬೇಲೊ ಆ ಸಾಲನ್ನು ಬಿಟ್ಟು ಮುಂದೆ ಹೋದ. ಹಾಲ್ವರ್ಸನ್ ಓದಿ, ಹಿಂದಕ್ಕೆ ಕೊಟ್ಟು, ಇದರಲ್ಲಿಲ್ಲ ಎಂದ. ಮತ್ತೆ ಮೊದಲಿಂದ ಬರೆಯಬೇಕಾಯಿತು. ದುಂಡನೆಯ ಕಿಟಕಿಯಾಚೆ ಸಮುದ್ರ ನಿನ್ನೆಯ ಹಾಗೆಯೇ ಮಲಗಿತ್ತು. ರೆಬೇಲೊ ಆ ಕಡೆ ನೋಡದಿರಲು ತುಂಬಾ ಪ್ರಯತ್ನಪಟ್ಟ.

ಏಳನೆಯದಕ್ಕೆ ಸಹಿಯಾಗುವಾಗ ಹನ್ನೆರಡೂವರೆ. ಹಾಲ್ವರ್ಸನ್ ಪೆನ್ನು ಮುಚ್ಚಲು ನೋಡಿದ, ಒಂದೇ ಕೈಯಲ್ಲಿ ಆಗಲಿಲ್ಲ, ಹಾಗೇ ಹಾಸಿಗೆಯ ಮೇಲೆ ಬಿಟ್ಟ. ಗಾಯಾಳುಗಳನ್ನು ಸಾಗಿಸುವವರು ಹೊರಗೆ ಬಂದು ನಿಂತ ಸದ್ದಾಯಿತು. ರೆಬೇಲೊ ಕಾಗದಗಳನ್ನು ಜೋಡಿಸಿಕೊಂಡು ಎದ್ದು ನಿಂತ. ಕ್ಷಮೆ ಕೇಳಬೇಕು ಎನಿಸಿತು, ಕೇಳುವ ಮುಖವಿರಲಿಲ್ಲ.

"ಒಂದು ಮಾತು," ಎಂದ ಹಾಲ್ವರ್ಸನ್. "ಇದನ್ನ ಬರೆದಿದ್ದು ಅವರು ನಂಬ್ಲಿ ಅಂತ. ಮುಂದೆ ಯಾವತ್ತಾದ್ರೂ, ವಯಸ್ಸಾದ್ಮೇಲೆ, ಆವತ್ತು ಸಮುದ್ರ ಜೋರಾಗೇ ಇತ್ತು ಅಂತ ನಿಮಗೇ ಅನ್ನಿಸೋಕೆ ಶುರುವಾಗ್ಬಹುದು. ನೀವು ಮಾತ್ರ ನಂಬ್ಬೇಡಿ."

ಇಲ್ಲ ಎಂದ ರೆಬೇಲೊ. ಏಳು ಕಾಗದಗಳನ್ನೂ ಅಂಗಿಯೊಳಗಿಟ್ಟುಕೊಂಡು ಹೊರಗೆ ಬಂದ. ಮೂರನೇ ಉಗ್ರಾಣದಲ್ಲಿ ಇನ್ನೂ ಅರ್ಧ ಸರಕಿತ್ತು, ಕೊಕ್ಕೆ ಅವನಿಗಾಗಿ ಕಾಯುತ್ತಿತ್ತು.